ಈ ಮೇಜು ಯಾರ ಅಳತೆಗೆ ಮಾಡಿದ್ದು?



ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರ ಹೆಂಡತಿ, ಐದು ತಿಂಗಳ ಬಸುರಿ, ಪರೀಕ್ಷೆಗೆಂದು ಈ ಮುಂಬಯಿಯ ಒಂದು ಆಸ್ಪತ್ರೆಗೆ ಹೋದರು. ಗಂಡ ಹೋಟೆಲಿನಲ್ಲಿ ದೋಸೆ ಹುಯ್ಯುವವರು. ಹೆಂಡತಿಗೆ ಚಿಕ್ಕಂದಿನಲ್ಲಿ ಪೋಲಿಯೋ ತಗಲಿ ಎಡಗಾಲು ಸೊರಗಿದೆ. ಕಾಲಿಗೆ ಪಟ್ಟಿ ಕಟ್ಟಿ ಊರುಗೋಲಿನಲ್ಲಿ ನಡೆಯುತ್ತಾರೆ. ಎರಡು ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋದರೆ ಪರೀಕ್ಷೆಯ ಮೇಜು ಎದೆಯೆತ್ತರ, ಹತ್ತಲು ಅಲುಗಾಡುವ ಒಂದು ಸ್ಟೂಲು. "ಗಂಡ ಬಂದು ಎತ್ತಿ ಹಾಕಲಿ" ಎಂದರಂತೆ. ಗಂಡಸರಿಗೆ ಪ್ರವೇಶವಿಲ್ಲ ಎಂಬ ಹಲಗೆ ಅದೇ ಬಾಗಿಲಿಗೆ ತೂಗುತ್ತಿತ್ತು! ಕೊನೆಗೆ ಹೊಟ್ಟೆಯನ್ನು ಮುಟ್ಟಿಯೂ ನೋಡದೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸಿದರು. ಹೊರಡುವಾಗ ಮರಾಠಿಯಲ್ಲಿ ಒಂದು ಪ್ರಶ್ನೆ: "ಇಂಥ ಸ್ಥಿತಿಯಲ್ಲಿ ನಿನಗೆ ಮಗು ಯಾಕೆ ಬೇಕಿತ್ತು?" ಆಕೆಗೆ ಮರಾಠಿ ಅಷ್ಟಾಗಿ ಬಾರದು. ಆದರೆ ಈ ಮಾತು ಅರ್ಥವಾಯಿತು.

ಆ ಮೇಜೂ ಆ ಪ್ರಶ್ನೆಯೂ ಬೇರೆ ಬೇರೆಯಲ್ಲ ಎಂದು ನಾವು ಹೇಳುತ್ತೇವೆ. ಕಾಲಿಲ್ಲದವಳು ಬಸುರಿಯಾಗಿ ಬರುವಳೆಂದು ಯಾರೂ ಎಣಿಸಿರಲಿಲ್ಲ. ಆದುದರಿಂದಲೇ ಮೇಜು ಅಷ್ಟು ಎತ್ತರ.

ಪೋಲಿಯೋ ಕೆಡಿಸುವುದು ಸ್ನಾಯುಗಳನ್ನು ಆಡಿಸುವ ನರಗಳನ್ನು, ಗರ್ಭಕೋಶವನ್ನಲ್ಲ. ಸೊಂಟದ ಎಲುಬು ಓರೆಯಾಗಿದ್ದರೆ ಶಸ್ತ್ರಚಿಕಿತ್ಸೆಯ ಹೆರಿಗೆ ಬೇಕಾದೀತು. ಅದನ್ನು ತಿಳಿಯಬೇಕಾದರೆ ಮೊದಲು ಮೇಜಿನ ಮೇಲೆ ಮಲಗಿಸಿ ನೋಡಬೇಕಲ್ಲವೇ? ಕಟ್ಟಡದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹೆಂಗಸೂ ತಾಯಿಯಾಗಬಲ್ಲಳು. ಆದರೆ ಆಕೆಗೆ ಹೆರಿಗೆಯ ನೋವು ಗೊತ್ತಾಗದೆಯೇ ಹೋಗಬಹುದು. ಪೆಟ್ಟು ಎದೆಯ ಮಟ್ಟದಲ್ಲೋ ಅದಕ್ಕೂ ಮೇಲೋ ಇದ್ದರೆ ಹೆರಿಗೆಯ ಹೊತ್ತಿನಲ್ಲಿ ರಕ್ತದೊತ್ತಡ ಒಮ್ಮೆಲೇ ಏರಿ ಜೀವಕ್ಕೇ ಅಪಾಯ. ತಲೆ ಸಿಡಿಯುತ್ತಿದೆ ಎಂದು ಆಕೆ ಹೇಳಿದರೆ ಅದನ್ನು ಸುಮ್ಮನೆ ತಲೆನೋವೆಂದು ತಳ್ಳುವಂತಿಲ್ಲ. ಬೆನ್ನಿಗೆ ಕೊಡುವ ಅರಿವಳಿಕೆ ಮೊದಲೇ ಸಿದ್ಧವಿರಬೇಕು. ಮಗು ಬೇಡವೆಂಬವಳ ಪಾಡೂ ಇದೇ. ದಿನವಿಡೀ ಕುಳಿತೇ ಇರುವವಳಿಗೆ ಗರ್ಭನಿರೋಧಕ ಮಾತ್ರೆಗಳಲ್ಲಿ ಕೆಲವು ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿಸುವ ಭಯವಿದೆ. ಆದರೆ ಮದುವೆಯಾದವಳೇ ಎಂದು ಕೂಡ ಕೇಳದವರು ಮಾತ್ರೆಯ ಮಾತು ಎಲ್ಲಿ ಆಡಿಯಾರು?

ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸರಕಾರಿ, ಖಾಸಗಿ ಆಸ್ಪತ್ರೆಗಳೆರಡರಲ್ಲೂ ಎಲ್ಲ ಭಾಗಗಳಿಗೆ ತಡೆಯಿಲ್ಲದ ದಾರಿ ಇರಬೇಕೆನ್ನುತ್ತದೆ. ಚಿಕಿತ್ಸೆಯಲ್ಲಿ ಮೊದಲ ಸರದಿ ಅಂಗವಿಕಲರಿಗೆ ಎನ್ನುತ್ತದೆ. ಸಂತಾನ, ಕುಟುಂಬ ಯೋಜನೆಗಳ ತಿಳಿವಳಿಕೆ ಅವರ ಹಕ್ಕು. ಆಕೆಯ ಸ್ಪಷ್ಟ ಒಪ್ಪಿಗೆಯಿಲ್ಲದೆ ಗರ್ಭ ತೆಗೆದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಸಜೆ. (ಅಲ್ಲಿಯೂ ಒಂದು ತೂತು ಬಿಟ್ಟಿದ್ದಾರೆ: ವೈಕಲ್ಯ ತೀವ್ರವಾಗಿದ್ದರೆ ವೈದ್ಯರ ಅಭಿಪ್ರಾಯ, ಪೋಷಕರ ಒಪ್ಪಿಗೆ ಸಾಕಂತೆ. ಆಕೆಯ ಬಾಯಿ ಎಲ್ಲಿ ಹೋಯಿತೋ!) 2017ರ ನಿಯಮಗಳು ಬಂದ ಐದು ವರ್ಷಗಳೊಳಗೆ ಸಾರ್ವಜನಿಕ ಕಟ್ಟಡಗಳೆಲ್ಲ ಸರಿಯಾಗಬೇಕಿತ್ತು. ಗಡುವು 2022ರಲ್ಲಿ ಕಳೆಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಬರಿಯ ಸಲಹೆಯಂತಿದ್ದ ಆ ನಿಯಮ ಸಲ್ಲದು, ಕಡ್ಡಾಯದ ನಿಯಮ ಮೂರು ತಿಂಗಳಲ್ಲಿ ಮಾಡಿರಿ ಎಂದು ಸರಕಾರಕ್ಕೆ ಹೇಳಬೇಕಾಯಿತು. ಆಸ್ಪತ್ರೆಯ ಸ್ಟೂಲು ಮಾತ್ರ ಇನ್ನೂ ಅಲುಗಾಡುತ್ತಿದೆ.

ಒಪ್ಪಿಗೆಯ ಮಾತು ಬಂದುದರಿಂದ ಪುಣೆಯನ್ನು ನೆನಪಿಸುತ್ತೇವೆ. 1994ರಲ್ಲಿ ಶಿರೂರಿನ ಸರಕಾರಿ ವಸತಿಗೃಹದಿಂದ ಬುದ್ಧಿ ಬೆಳೆಯದ ಹುಡುಗಿಯರನ್ನು ಕರೆತಂದು, ಮುಟ್ಟಿನ ನೈರ್ಮಲ್ಯ ನೋಡಿಕೊಳ್ಳಲು ಕಷ್ಟವೆಂದು, ಸಸೂನ್ ಆಸ್ಪತ್ರೆಯಲ್ಲಿ ಗರ್ಭಕೋಶವನ್ನೇ ತೆಗೆದರು. ಹೆಂಗಸರು ಬೀದಿಗಿಳಿದ ಮೇಲೆ ಅದು ನಿಂತಿತು. ಒಬ್ಬಳಿಗೆ ಮೇಜು ಹತ್ತಿಸುವುದಿಲ್ಲ, ಇನ್ನೊಬ್ಬಳನ್ನು ಕೇಳದೆಯೇ ಮೇಜಿನ ಮೇಲೆ ಮಲಗಿಸುತ್ತಾರೆ.

ಇನ್ನು ನಮ್ಮ ಮಾತು. ಖೋಲಿಯಲ್ಲಿ ಕುಳಿತು ವೈದ್ಯರನ್ನು ಬೈಯುವುದು ಸುಲಭ. "ಕುಂಟಿಯನ್ನು ಕಟ್ಟಿಕೊಂಡ ಪುಣ್ಯಾತ್ಮ" ಎಂದು ಆ ದೋಸೆಯವರನ್ನು ಹೊಗಳಿದವರು ಯಾರು? ನಾವೇ. ಆಕೆ ಮೂರು ಮನೆಗಳ ಬಟ್ಟೆ ಹೊಲಿದು ಬಾಡಿಗೆಯ ಅರ್ಧ ತುಂಬುತ್ತಾರೆ. ಪುಣ್ಯ ಯಾರದು, ಹೇಳಿ! ಗಿರಣಿಯಲ್ಲಿ ಯಂತ್ರಕ್ಕೆ ಬೆರಳು ಸಿಕ್ಕಿದಾಗ 1923ರ ಕಾಯಿದೆ ಹಿಡಿದು ಪರಿಹಾರ ಕೇಳಿದವರು ನಮ್ಮ ಹಿರಿಯರು. ಅಂದು ಅವರು ದಯೆ ಬೇಡಲಿಲ್ಲ, ಲೆಕ್ಕ ಕೇಳಿದರು. ಗಂಡಸಿನ ಬೆರಳಿಗೆ ಲೆಕ್ಕ, ಹೆಂಗಸಿನ ಕಾಲಿಗೆ ಅಯ್ಯೋ ಪಾಪವೇ?

ಹಣವಿಲ್ಲ ಎಂಬ ಉತ್ತರ ನಮಗೆ ಗೊತ್ತು. ವಿಮೆಯ ವಂತಿಗೆಯೆಂದು ನಮ್ಮ ಸಂಬಳದ ನೂರು ರೂಪಾಯಿಗೆ ಮುಕ್ಕಾಲು ರೂಪಾಯಿ ಕಡಿಯುವಾಗ ಯಾರೂ ಆ ಮಾತಾಡುವುದಿಲ್ಲ. ಮೇಜನ್ನು ಗಾಲಿಕುರ್ಚಿಯ ಮಟ್ಟಕ್ಕೆ, ಸುಮಾರು 19 ಅಂಗುಲಕ್ಕೆ ಇಳಿಸುವಂತಿರಲಿ, ಹಿಡಿಯಲು ಕಂಬಿ ಇರಲಿ, ಕುಳಿತು ಏಳಬಲ್ಲ ಕಕ್ಕಸು ಇರಲಿ, ಎತ್ತಲು ಕಲಿತ ಇಬ್ಬರು ದಾದಿಯರಿರಲಿ. ಇದಿಷ್ಟನ್ನೂ ಬರೆದು ಆ ಆಸ್ಪತ್ರೆಯ ಮೇಲಧಿಕಾರಿಗೆ ಸಂಘದ ಅರ್ಜಿ ಹೋಗಿದೆ, ಪ್ರತಿಯೊಂದು ಅಂಗವಿಕಲರ ಆಯುಕ್ತರಿಗೆ.

ಬರುವ ಭಾನುವಾರ ಹೋಟೆಲಿನ ಕೆಲಸ ಮುಗಿದ ಮೇಲೆ ರಾತ್ರಿ 10 ಗಂಟೆಗೆ ಸಂಘದ ಕೋಣೆಯಲ್ಲಿ ಸಭೆಯಿದೆ. ಇಂಥದೇ ಅನುಭವವುಳ್ಳ ಸೋದರಿಯರು ಬರಬೇಕು. ಗಂಡಂದಿರು ಜೊತೆಗೆ ಬರಲಿ; ಅವರ ಪರವಾಗಿ ಮಾತಾಡುವುದು ಬೇಡ. ಕೋಣೆ ಮೊದಲನೆಯ ಮಾಳಿಗೆಯಲ್ಲಿದೆ, ಮೆಟ್ಟಿಲು ಹದಿನಾಲ್ಕು. ಇದುವರೆಗೆ ನಾವೂ ಅದನ್ನು ಎಣಿಸಿರಲಿಲ್ಲ. ಆದಕಾರಣ ಸಭೆ ಕೆಳಗೆ ಅಂಗಳದಲ್ಲಿ ನಡೆಯುತ್ತದೆ.