ಐದು ಅಕ್ಷರಗಳಲ್ಲಿ ಎಷ್ಟು ಪದ?

ಕಳೆದ ಬೇಸಿಗೆಯ ರಜೆಯಲ್ಲಿ ಒಂದು ಸಂಜೆ ನಮ್ಮ ಮೊಮ್ಮಗಳು ಪಾಟಿಯೊಂದನ್ನು ತಂದು ನಮ್ಮ ಮುಂದಿಟ್ಟಳು. ಅದರ ಮೇಲೆ ಎ, ಇ, ಎಲ್, ಎಸ್, ಟಿ ಎಂಬ ಐದು ಇಂಗ್ಲಿಷ್ ಅಕ್ಷರಗಳಿದ್ದವು. ಐದನ್ನೂ ಬಳಸಬೇಕು, ಯಾವುದನ್ನೂ ಎರಡು ಸಲ ಬಳಸಲಾಗದು, ಎಷ್ಟು ಪದಗಳಾಗುತ್ತವೆ ಹೇಳಿರಿ ಎಂಬುದು ಅವಳ ಸವಾಲು. ನಾವು ಬಹಳ ಹೊತ್ತು ಯೋಚಿಸಿ ಗಂಭೀರವಾಗಿ ‘ಸ್ಟೀಲ್’ ಎಂದು ಬರೆದೆವು. ಹುಡುಗಿ ನಕ್ಕುಬಿಟ್ಟಳು. “ಅಜ್ಜಾ, ಎರಡು ಇ ಎಲ್ಲಿಂದ ತಂದ್ರಿ? ನೀವು ಬರೆದದ್ದು ಪಾತ್ರೆ ಸ್ಟೀಲು. ಇಲ್ಲಿರೋದು ಕದಿಯೋ ಸ್ಟೀಲು!”

ಅಡುಗೆಮನೆಯವರೆಗೂ ಆ ನಗೆ ಕೇಳಿಸಿತು. ಊರಿನಲ್ಲಿ ನಮ್ಮನ್ನು ಪಂಡಿತರೆನ್ನುತ್ತಾರೆ. ಆ ಸಂಜೆ ಹತ್ತು ವರ್ಷದ ಮಗುವಿನೆದುರು ನಮ್ಮ ಪಾಂಡಿತ್ಯ ಕರಗಿಹೋಯಿತು. ನಿಜವನ್ನು ಹೇಳಿಬಿಡುವುದು ಒಳ್ಳೆಯದು. ಮಠದಲ್ಲಿ ಸಂಸ್ಕೃತ ವ್ಯಾಕರಣ ಮುಗಿಸಿದ ಮೇಲೆ, ಹದಿನಾರನೆಯ ವಯಸ್ಸಿಗೆ, ನಾವು ಇಂಗ್ಲಿಷ್ ಕಲಿತವರು. ಪುಸ್ತಕದ ಅಂಚಿನಲ್ಲಿ ಪ್ರತಿ ಪದದ ಉಚ್ಚಾರಣೆಯನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿತೆವು. ಕನ್ನಡ ಲಿಪಿಯಲ್ಲಿ ಪಾತ್ರೆಯ ಸ್ಟೀಲಿಗೂ ಕದಿಯುವ ಸ್ಟೀಲಿಗೂ ಭೇದವಿಲ್ಲ. ಹೀಗಾಗಿ ಆ ಭಾಷೆಯ ಧ್ವನಿ ನಮ್ಮ ಕಿವಿಗೆ ಬಂದಿತು, ಅಕ್ಷರಗಳು ಕೈಗೆ ಬರಲಿಲ್ಲ. ಈ ಕೊರತೆಯನ್ನು ನಾವು ನಲವತ್ತೈದು ವರ್ಷ ಮುಚ್ಚಿಟ್ಟುಕೊಂಡು ಬಂದಿದ್ದೆವು.

ನಮ್ಮ ಭಾಷೆಯಲ್ಲಿ ಈ ಆಟದ ರೀತಿಯೇ ಬೇರೆ. ‘ನವ’ ತಿರುಗಿಸಿದರೆ ‘ವನ’, ‘ರಸ’ ತಿರುಗಿಸಿದರೆ ‘ಸರ’, ‘ಗಜ’ ತಿರುಗಿಸಿದರೆ ‘ಜಗ’. ಸ್ವರವು ವ್ಯಂಜನದೊಳಗೇ ಸೇರಿಕೊಂಡಿರುವುದರಿಂದ ಅಕ್ಷರವು ಇಡಿಯಾಗಿಯೇ ಜಾಗ ಬದಲಿಸುತ್ತದೆ. ಇಂಗ್ಲಿಷಿನಲ್ಲಿಯಾದರೋ ಸ್ವರವೂ ಬಿಡಿ, ವ್ಯಂಜನವೂ ಬಿಡಿ. ಐದು ಬೇರೆ ಬೇರೆ ಅಕ್ಷರಗಳನ್ನು 120 ಬಗೆಯಲ್ಲಿ ಜೋಡಿಸಬಹುದು, ಏಳು ಅಕ್ಷರಗಳಾದರೆ 5,040 ಬಗೆಯಲ್ಲಿ. ಅವುಗಳಲ್ಲಿ ಪದವೆನಿಸಿಕೊಳ್ಳುವವು ಬೆರಳೆಣಿಕೆಯಷ್ಟು. ಒಂದೊಂದಾಗಿ ಜೋಡಿಸಿ ನೋಡುತ್ತ ಕುಳಿತರೆ ರಜೆಯೇ ಮುಗಿದೀತು.

ದಾರಿ ತೋರಿಸಿದವಳು ಮೊಮ್ಮಗಳೇ. ಎಸ್ ಮತ್ತು ಟಿ ಜೊತೆಯಾಗಿರಲು ಇಷ್ಟಪಡುವ ಅಕ್ಷರಗಳು; ಮೊದಲು ಅವೆರಡನ್ನೂ ಕೂಡಿಸಿಡಬೇಕಂತೆ. ಕೂಡಿಸಿ ಆರಂಭದಲ್ಲಿಟ್ಟರೆ ಕದಿಯುವ ಸ್ಟೀಲ್ ಮತ್ತು ಹಳಸಿದ್ದೆಂಬರ್ಥದ ಸ್ಟೇಲ್, ಕೊನೆಯಲ್ಲಿಟ್ಟರೆ ಲೀಸ್ಟ್. ಮುಂದೆ ಇ ಅಕ್ಷರವನ್ನು ಕೊನೆಗಿಟ್ಟು ನೋಡಿದಾಗ ಸ್ಲೇಟ್ ಸಿಕ್ಕಿತು. ಕೈಯಲ್ಲಿ ಪಾಟಿಯನ್ನೇ ಹಿಡಿದುಕೊಂಡು ಅದರ ಹೆಸರನ್ನು ಹುಡುಕುತ್ತಿದ್ದೆವಲ್ಲ! ಎಸ್ ಅಕ್ಷರವನ್ನು ಬಹುವಚನಕ್ಕೆ ಕೊಟ್ಟರೆ ಕಥೆಗಳೆಂಬರ್ಥದ ಟೇಲ್ಸ್. ಉದ್ದನೆಯ ಪದಗಳಲ್ಲಿ ಐ, ಎನ್, ಜಿ ಮೂರೂ ಇದ್ದರೆ ‘ಇಂಗ್’ ಎಂದು ಬಾಲಕ್ಕೆ ತೆಗೆದಿಟ್ಟು ಉಳಿದವನ್ನು ಮಾತ್ರ ನೋಡಬೇಕು.

ಬಾಲದಿಂದ ಹುಡುಕುವ ಈ ಕ್ರಮ ನಮಗೆ ಹೊಸದೆನಿಸಲಿಲ್ಲ. ಸಂಸ್ಕೃತದ ಮೇದಿನೀಕೋಶದಲ್ಲಿ ಪದಗಳನ್ನು ಕೊನೆಯ ವ್ಯಂಜನದ ಮೇಲಿಂದ ವಿಂಗಡಿಸಿದ್ದಾರೆ. ಅಮರಕೋಶದಲ್ಲಿ ಅರ್ಥದ ವರ್ಗಗಳು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನಲ್ಲಿ ಅಕಾರಾದಿ. ಆದರೆ ಕಲಸಿಹೋದ ಅಕ್ಷರಗಳನ್ನು ಕೈಯಲ್ಲಿ ಹಿಡಿದು ಬಂದವನಿಗೆ ಈ ಮೂರೂ ಬಾಗಿಲು ತೆರೆಯುವುದಿಲ್ಲ. ಅವನಿಗೆ ನಾಲ್ಕನೆಯದೊಂದು ಬಗೆಯ ಕೋಶ ಬೇಕು. ಪ್ರತಿ ಪದದ ಅಕ್ಷರಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಮರುಜೋಡಿಸಿ, ಅದನ್ನೇ ಪದದ ಗುರುತಾಗಿ ಇಟ್ಟುಕೊಳ್ಳುವುದು ಅದರ ಗುಟ್ಟು. ಟೀಮ್, ಮೇಟ್, ಟೇಮ್ ಈ ಮೂರಕ್ಕೂ ಗುರುತು ಒಂದೇ: ಎ, ಇ, ಎಂ, ಟಿ. ನಾಲ್ಕನೆಯ ಪದವೂ ಒಂದಿದೆ, ಅದು ನಮ್ಮ ಅಡುಗೆಮನೆಗೆ ಬೇಡ. ನಮ್ಮ ಕೈಯಲ್ಲಿರುವ ಅಕ್ಷರಗಳನ್ನೂ ಹಾಗೆಯೇ ಕ್ರಮವಾಗಿ ಜೋಡಿಸಿಕೊಂಡು ಆ ಗುರುತಿನ ಮನೆಗೆ ಹೋದರೆ ಒಳಗಿರುವವರೆಲ್ಲ ಒಟ್ಟಿಗೇ ಸಿಗುತ್ತಾರೆ. ಮೊಬೈಲಿನ ಗಣಕಕ್ಕೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮಕ್ಕಳು ಅದನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ಊಟಕ್ಕೆ ಮೊದಲು ತಾವು ಹುಡುಕಲಿ, ಊಟವಾದ ಮೇಲೆ ಅದನ್ನು ಕೇಳಲಿ.

ಯಾವ ಅಕ್ಷರ ಸುಲಭ, ಯಾವುದು ಕಠಿಣ ಎಂಬುದನ್ನು ಲೆಕ್ಕ ಹಾಕಿ ಆಟ ಕಟ್ಟಿದವರು ಅಮೆರಿಕದ ಆಲ್ಫ್ರೆಡ್ ಬಟ್ಸ್. ವೃತ್ತಿಯಿಂದ ವಾಸ್ತುಶಿಲ್ಪಿ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತಿದ್ದಾಗ ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದರು. ಆ ಆಟವೇ 1948ರಲ್ಲಿ ಸ್ಕ್ರ್ಯಾಬಲ್ ಎಂಬ ಹೆಸರು ಪಡೆಯಿತು. ಅದರ 100 ಬಿಲ್ಲೆಗಳಲ್ಲಿ ಇ ಅಕ್ಷರಕ್ಕೆ 12, ಕ್ಯೂ ಅಕ್ಷರಕ್ಕೆ ಒಂದೇ ಒಂದು. ಇ ಬೆಲೆ 1 ಅಂಕ, ಕ್ಯೂ ಬೆಲೆ 10. ಎಸ್ ಅಕ್ಷರ ಬರಹದಲ್ಲಿ ಹೇರಳವಾಗಿ ಬರುವುದಾದರೂ ಬಿಲ್ಲೆಗಳು ನಾಲ್ಕೇ. ಯಾವ ಪದದ ಬೆನ್ನಿಗಾದರೂ ಎಸ್ ಅಂಟಿಸಿ ಬಹುವಚನ ಮಾಡಿ ಅಂಕ ಗಳಿಸುವವರಿಗೆ ಬಟ್ಸ್ ಹಾಕಿದ ಕಡಿವಾಣವದು.

ಈ ಆಟದಲ್ಲಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬುವರು 2015ರಲ್ಲಿ ಫ್ರೆಂಚ್ ಭಾಷೆಯ ವಿಶ್ವಪಟ್ಟವನ್ನು ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬರುತ್ತಿರಲಿಲ್ಲ! ಸುಮಾರು 9 ವಾರಗಳಲ್ಲಿ ಪದಗಳ ಪಟ್ಟಿಯನ್ನು ಮನನ ಮಾಡಿಕೊಂಡಿದ್ದರೆಂದು ಆಗ ವರದಿಯಾಗಿತ್ತು. 2024ರಲ್ಲಿ ಸ್ಪ್ಯಾನಿಷ್ ಪಟ್ಟವನ್ನೂ ಹಾಗೆಯೇ ಗೆದ್ದರು. ಅರ್ಥವಿಲ್ಲದ ಪದಸಂಪತ್ತು ಅದೆಂಥದು ಎಂದು ಮೂಗು ಮುರಿಯಲು ಹೊರಟವರು ನಾವು ಅಲ್ಲಿಯೇ ತಡೆದು ನಿಂತೆವು. ಎಂಟನೆಯ ವಯಸ್ಸಿನಲ್ಲಿ ನಾವು ಅಮರಕೋಶವನ್ನು ಕಂಠಪಾಠ ಮಾಡಿದಾಗ ನಮಗೆ ಯಾವ ಅರ್ಥ ತಿಳಿದಿತ್ತು? ಬೆಳಗಿನ ಜಾವದ ಚಳಿಯಲ್ಲಿ, ಗುರುಗಳ ಕೈಯ ಬೆತ್ತದ ಭಯದಲ್ಲಿ ಒಪ್ಪಿಸುತ್ತಿದ್ದೆವು, ಅಷ್ಟೆ. ಅರ್ಥವು ಎಷ್ಟೋ ವರ್ಷಗಳ ಮೇಲೆ, ಕಾವ್ಯ ಓದುವಾಗ ಒಂದೊಂದಾಗಿ ಬಂದು ಆ ಪದಗಳೊಳಗೆ ಕುಳಿತಿತು. ರಿಚರ್ಡ್ಸ್ ಅವರಿಗೆ ಆ ಎರಡನೆಯ ಹೆಜ್ಜೆ ಬೇಕಾಗಿರಲಿಕ್ಕಿಲ್ಲ. ನಮ್ಮ ಮೊಮ್ಮಗಳಿಗೆ ಬೇಕು.

ಏಕೆಂದರೆ ಅಂದು ‘ಸ್ಟೇಲ್’ ಎಂಬುದನ್ನು ಥಟ್ಟನೆ ಬರೆದ ಅವಳನ್ನು ಅರ್ಥ ಕೇಳಿದರೆ, “ಅದೊಂದು ಪದ ರೀ ಅಜ್ಜಾ, ಪಟ್ಟಿಯೊಳಗ ಐತಿ” ಎಂದಳು. ನಾವು ಅರ್ಥ ಹೇಳಿದೆವು. ಅವಳ ಅಜ್ಜಿ ಒಳಗಿನಿಂದ, “ನಿನ್ನೆ ರಾತ್ರಿ ಮುಚ್ಚಿಡದ ಅನ್ನ ಏನಾಗಿತ್ತು? ಅದ ಸ್ಟೇಲು” ಎಂದು ಸೇರಿಸಿದರು. ಅಂದಿನಿಂದ ನಮ್ಮಲ್ಲಿ ಒಪ್ಪಂದವಾಗಿದೆ. ಅಕ್ಷರ ಅವಳದು, ಅರ್ಥ ನಮ್ಮದು. ನಾವು ಬರೆದುದನ್ನು ಅವಳು ತಿದ್ದುತ್ತಾಳೆ. ಅರವತ್ತು ದಾಟಿದ ಮೇಲೆ ಪಾಟಿ ಹಿಡಿದು ಇಂಗ್ಲಿಷ್ ಕಾಗುಣಿತ ತಿದ್ದಿಸಿಕೊಳ್ಳುವುದರಲ್ಲಿ ಮೊದಲ ವಾರ ಇದ್ದ ಸಂಕೋಚ ಈಗ ಉಳಿದಿಲ್ಲ.

ರಜೆ ಮುಗಿದು ಹೊರಡುವಾಗ ಅವಳು ಪಾಟಿಯ ಮೇಲೆ ಆರು ಅಕ್ಷರಗಳನ್ನು ಬರೆದಿಟ್ಟು ಹೋದಳು: ಇ, ಐ, ಎಲ್, ಎನ್, ಎಸ್, ಟಿ. ನಮಗೆ ಈವರೆಗೆ ಸಿಕ್ಕಿರುವವು ಎರಡು. ಕಿವಿಗೊಡುವುದು ಒಂದು, ಸುಮ್ಮನಿರುವುದು ಇನ್ನೊಂದು. ಇನ್ನೂ ಮೂರು ಅದರಲ್ಲಿವೆಯಂತೆ. ಓದುಗ ಬಂಧುಗಳ ಮನೆಯ ಮಕ್ಕಳು ಮುಂದಿನ ಸಂಚಿಕೆಯೊಳಗೆ ಹುಡುಕಿ, ಅರ್ಥಸಹಿತ ನಮಗೊಂದು ಕಾರ್ಡು ಬರೆದರೆ ಉಪಕಾರವಾದೀತು.