ಗಂಜಿಯ ಎರಡು ದಿನ

ಹಬ್ಬದ ಹೋಳಿಗೆ, ಆಂಬೊಡೆಗಳ ಭಾರದಿಂದ ಜಠರಾಗ್ನಿಯು ಮಂದವಾಗಿ, ನಾಲಗೆ ರುಚಿಗೆಟ್ಟು, ಮೈ ಜಡವಾದಾಗ ನಮ್ಮ ಅಜ್ಜಿಯಂದಿರು ಯಾವ ಔಷಧಾಲಯದ ಬಾಗಿಲನ್ನೂ ತಟ್ಟದೆ ಒಲೆಯ ಮೇಲೊಂದು ಗಂಜಿಯ ತಪ್ಪಲೆಯನ್ನಿಡುತ್ತಿದ್ದರೆಂಬುದನ್ನು, ಇಂದು ‘ಡಿಟಾಕ್ಸ್’ ಎಂಬ ಪುಡಿಪೊಟ್ಟಣಗಳಿಗೆ ಸಾವಿರಾರು ರೂಪಾಯಿ ತೆರುವವರು ಒಮ್ಮೆ ನೆನೆಯುವುದು ಲೇಸು. ಚರಕಸಂಹಿತೆಯು ದೇಹವನ್ನು ಹಗುರಗೊಳಿಸುವ ಲಂಘನವನ್ನು 10 ಬಗೆಯೆಂದು ಎಣಿಸುತ್ತದೆ. ಉಪವಾಸವು ಅವುಗಳಲ್ಲೊಂದು ಮಾತ್ರ. ವಮನ, ವಿರೇಚನಾದಿ ಶೋಧನಗಳು ವೈದ್ಯನ ಸಮ್ಮುಖದಲ್ಲಿ ನಡೆಯತಕ್ಕವು, ಗೃಹಸ್ಥನಿಗೊಪ್ಪುವುದು ಲಘ್ವಾಹಾರವೇ. ಅಗುಳಿಲ್ಲದ ತಿಳಿಯಾದ ಮಂಡ, ಅಗುಳು ತೇಲುವ ಪೇಯ, ಅದಕ್ಕಿಂತ ಗಟ್ಟಿಯಾದ ವಿಲೇಪಿ, ಅನಂತರ ಹೆಸರುಬೇಳೆಯ ಕಟ್ಟು, ಹೀಗೆ ಕಿಡಿಗೆ ಮೊದಲು ಹುಲ್ಲನ್ನೂ ಬಳಿಕ ಸೌದೆಯನ್ನೂ ಒಡ್ಡುವಂತೆ ಮೆಟ್ಟಿಲುಮೆಟ್ಟಿಲಾಗಿ ಏರುವ ಆ ಕ್ರಮದಲ್ಲಿ ಎಂಥ ತಾಳ್ಮೆಯಿದೆ! ಏಕಾದಶಿಯ ಮರುದಿನ ಮಾಧ್ವರ ಮನೆಗಳ ಪಾರಣೆಯಲ್ಲಿ ಅಗಸೆಸೊಪ್ಪು, ನೆಲ್ಲಿಕಾಯಿಗಳಿಗೆ ಸಲ್ಲುವ ಸ್ಥಾನದಲ್ಲಿಯೂ ಇದೇ ವಿವೇಕದ ನೆರಳು ನನಗೆ ಕಾಣುತ್ತದೆ. (ಫಲಾಹಾರದ ನೆಪದಲ್ಲಿ ಉಪ್ಪಿಟ್ಟು, ಸಜ್ಜಿಗೆಗಳನ್ನು ಕಂಠಪೂರ್ತಿ ಸೇವಿಸುವವರ ಮಾತು ಬೇರೆ.)

ಗಂಜಿಯು ದೇಹದ ವಿಷವನ್ನೆಲ್ಲ ತೊಳೆದುಬಿಡುವುದೆಂದು ನಾನು ಹೇಳಲಾರೆ. ಆ ಕಾರ್ಯವನ್ನು ಯಕೃತ್ತು, ಮೂತ್ರಪಿಂಡಗಳು ಹಗಲಿರುಳೂ ಮಾಡುತ್ತಲೇ ಇವೆ. ದಣಿದ ಹೊಟ್ಟೆಗೆ ವಿಶ್ರಾಂತಿ ದೊರೆತರೆ ಅಷ್ಟೇ ಲಾಭ. ಗರ್ಭಿಣಿಯರೂ, ಮಧುಮೇಹಕ್ಕೆ ಔಷಧ ಸೇವಿಸುವವರೂ, ಮಕ್ಕಳೂ, ಕೃಶರಾದ ವೃದ್ಧರೂ ವೈದ್ಯರನ್ನು ಕೇಳದೆ ಈ ಲಘ್ವಾಹಾರಕ್ಕೆ ಕೈಹಾಕಬಾರದು. ಉಳಿದವರು ಮುಂದಿನ ಹಬ್ಬದ ಮರುದಿನದಿಂದ ಎರಡು ದಿನ ಹಳೆಯ ಅಕ್ಕಿಯ ಗಂಜಿಗೆ ಶುಂಠಿ, ಜೀರಿಗೆ, ಚಿಟಿಕೆ ಸೈಂಧವಲವಣ ಬೆರೆಸಿ, ಹಸಿದಾಗ ಮಾತ್ರ ಉಂಡು ನೋಡಿರಿ.