ಹಾಡು ಬಾಡಿಗೆಗಿದೆ

ಹೋದ ವರ್ಷ ನಮ್ಮಜ್ಜಿಯ ಪುಣ್ಯತಿಥಿಗೆ ಹರಿಹರದ ಮನೇಲಿ ಹತ್ತು ಹದಿನೈದು ಜನ ಸೇರಿದ್ವಿ. ಪೂಜೆ ಆಯ್ತು, ಹೋಳಿಗೆ ಊಟ ಆಯ್ತು. ಎಲೆ ಅಡಿಕೆ ಹಾಕ್ಕೊಂಡು ಕೂತಾಗ ಅವ್ವ ಅಂದಳು: "ಯಪ್ಪಾ, ನಿಮ್ಮಜ್ಜಿ ಬೀಸೋ ಪದ ಹಚ್ಚು. ಈ ಸಣ್ಣ ಹುಡುಗ್ರು ಯಾರೂ ಕೇಳೇ ಇಲ್ಲ."

ಫೋನ್ ತೆಗೆದೆ. ಹುಡುಕಿದೆ. ಪದ ಇರಲಿಲ್ಲ. ಆಪು ಬಹಳ ಉತ್ಸಾಹದಿಂದ "ಇದು ನಿಮಗೆ ಇಷ್ಟವಾಗಬಹುದು" ಅಂತ ಯಾವುದೋ ಡಿಜೆ ರೀಮಿಕ್ಸ್ ಹಚ್ಚಿತು. ಅಜ್ಜಿಯ ಫೋಟೊದ ಮುಂದೆ ಊದಿನಕಡ್ಡಿ ಹೊಗೆ, ಹಿಂದೆ ಡಿಜೆ. ಹುಡುಗ್ರು ನಕ್ಕರು. ಅವ್ವ ನಗಲಿಲ್ಲ.

ಆಗಿದ್ದಿಷ್ಟು. ಊರಲ್ಲಿದ್ದಾಗ ನಮ್ಮ ಚಿಕ್ಕಪ್ಪ ಟೇಪ್ ರೆಕಾರ್ಡರ್ ಇಟ್ಟು ಅಜ್ಜಿಯ ನಾಲ್ಕು ಪದ ಹಿಡಿದಿದ್ದ. 2013ರಲ್ಲಿ ನಾನು ದೊಡ್ಡ ಇಂಜಿನಿಯರ್ ಅನ್ನೋ ಜಂಬದಲ್ಲಿ ಆ ಕ್ಯಾಸೆಟ್ಟನ್ನ ದಾವಣಗೆರೆಯ ಒಂದು ಅಂಗಡೀಲಿ ಎಂಪಿ3 ಮಾಡಿಸಿ, ಆಗ ಪುಗಸಟ್ಟೆ ಜಾಗ ಕೊಡ್ತಿದ್ದ ಒಂದು ಆನ್‌ಲೈನ್ ಸೇವೆಗೆ ಏರಿಸಿದೆ. ಲ್ಯಾಪ್‌ಟಾಪ್ ಬದಲಾಯಿಸಿದಾಗ ಫೈಲ್ ಉಳಿಸಿಕೊಳ್ಳಲಿಲ್ಲ. ಕ್ಲೌಡಲ್ಲಿ ಇದೆಯಲ್ಲ! ಆಮೇಲೆ ಆ ಸೇವೆ ಬಾಗಿಲು ಹಾಕಿತು. ಅದರ ನೋಟಿಸು ನಾನು ತೆರೆದು ನೋಡದ ಹಳೇ ಮೇಲ್ ಐಡಿಗೆ ಬಂದು ಕೂತಿತ್ತು. ತಪ್ಪು ನಂದೇ. ಆದ್ರೆ ಇಂಥ ತಪ್ಪು ನಾನೊಬ್ಬನೇ ಮಾಡಿಲ್ಲ, ನೀವೂ ಮಾಡ್ತಾ ಇದ್ದೀರಿ ಅಂತ ಹೇಳೋಕೇ ಈ ಬರಹ.

ನಿಮ್ಮ ಫೋನಲ್ಲಿ ಕೋಟಿಗಟ್ಟಲೆ ಹಾಡಿದೆ ಅಂತೀರಿ. ಒಂದೂ ನಿಮ್ಮದಲ್ಲ. ತಿಂಗಳ ಬಾಡಿಗೆ ಕಟ್ಟಿದಷ್ಟು ದಿನ ಕೇಳಬಹುದು, ಅಷ್ಟೇ. "ಡೌನ್‌ಲೋಡ್" ಅಂತ ಬಟನ್ ಇದೆ, ಒತ್ತಿದ್ರೆ ಹಸಿರು ಗುರುತು ಬರುತ್ತೆ, ನಿಜ. ಆದ್ರೆ ಆ ಫೈಲನ್ನ ಆ ಆಪ್ ಬಿಟ್ಟು ಬೇರೆ ಯಾವುದೂ ಓದಲ್ಲ. ಸ್ಪಾಟಿಫೈನಲ್ಲಿ ಡೌನ್‌ಲೋಡ್ ಮಾಡಿಟ್ಟ ಹಾಡು ಉಳೀಬೇಕು ಅಂದ್ರೂ 30 ದಿನಕ್ಕೊಮ್ಮೆಯಾದ್ರೂ ನೆಟ್‌ಗೆ ಬಂದು ಹಾಜರಿ ಹಾಕಬೇಕು. ಜಾಮೀನಿನ ಮೇಲೆ ಹೊರಗಿರೋರು ಠಾಣೆಗೆ ಹೋಗಿ ಸಹಿ ಮಾಡಿ ಬರ್ತಾರಲ್ಲ, ಹಾಗೆ.

ಅಂಗಡಿಯೇ ಮುಚ್ಚಿದ್ರೆ? ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ರೆಸ್ಸೋ 2024ರ ಜನವರಿಯಲ್ಲಿ ಭಾರತದಿಂದ ಗಂಟುಮೂಟೆ ಕಟ್ಟಿತು. ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಮುಚ್ಚೋದಾಗಿ ಹೇಳಿತು. ಅಂಗಡಿ ತೆರೆದಿದ್ರೂ ಸಾಮಾನು ಇರುತ್ತೆ ಅಂತಿಲ್ಲ. 2019ರಲ್ಲಿ ಸರಿಗಮ ಮತ್ತು ಸ್ಪಾಟಿಫೈ ನಡುವೆ ಲೈಸೆನ್ಸ್ ಜಗಳ ಆಗಿ, ಹಳೇ ಹಾಡುಗಳ ದೊಡ್ಡ ರಾಶಿಯೇ ರಾತ್ರೋರಾತ್ರಿ ಮಾಯವಾಗಿತ್ತು. ಮುಂದಿನ ವರ್ಷ ರಾಜಿ ಆಗಿ ವಾಪಸ್ ಬಂತು. ಅಲ್ಲೀವರೆಗೆ ಬಾಡಿಗೆ ಕಟ್ಟಿದವರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?

ಈಗ ನೇರ ವಿಷಯಕ್ಕೆ ಬರ್ತೀನಿ. ನನ್ನ ಸಿಟ್ಟು ಕಂಪನಿಗಳ ಮೇಲೆ ಅಲ್ಲ, ಅವು ವ್ಯಾಪಾರ ಮಾಡ್ತಿವೆ. ಸಿಟ್ಟು ನಮ್ಮ ಮೇಲೆ, ಅಂದ್ರೆ ಸಾಫ್ಟ್‌ವೇರಿನವರ ಮೇಲೆ. ಹಗಲೆಲ್ಲ ಲಿನಕ್ಸ್ ಸರ್ವರಿನ ಮುಂದೆ ಕೂರ್ತೀವಿ. ಜೇಬಲ್ಲಿರೋ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರೋದೂ ಲಿನಕ್ಸ್ ಕರ್ನೆಲ್ಲೇ. ಅದೇ ನಾವು ಸಂಜೆ ಮನೇಗೆ ಬಂದು "ಲಿನಕ್ಸ್ ಡೆಸ್ಕ್‌ಟಾಪ್ ಎಲ್ಲಾ ಆಗಿಬರಲ್ಲ ಗುರೂ, ಒಂದು ಹಾಡು ಹಾಕೋಕೂ ಒದ್ದಾಡಬೇಕು" ಅಂತ ಉಪದೇಶ ಮಾಡ್ತೀವಿ. ಯಾವ ಕಾಲದ ಮಾತು ಸ್ವಾಮಿ ಇದು?

ಒಂದು ಕಾಲದಲ್ಲಿ ನಿಜ ಇತ್ತು. 2008ರಲ್ಲಿ ನಾನು ದಾವಣಗೆರೆಯಲ್ಲಿ ಬಿಇ ಓದ್ತಿದ್ದಾಗ ಉಬುಂಟು ಸಿಡಿಯನ್ನ ಕೆನಾನಿಕಲ್‌ನವರು ಕೇಳಿದವರಿಗೆಲ್ಲ ಪುಗಸಟ್ಟೆ ಅಂಚೆಯಲ್ಲಿ ಕಳಿಸ್ತಿದ್ರು. ಹಾಸ್ಟೆಲ್ಲಿಗೆ ಸಿಡಿ ಬಂದ ದಿನ ನಮ್ಮ ರೂಮಲ್ಲಿ ಜಾತ್ರೆ. ಇನ್‌ಸ್ಟಾಲ್ ಆಯ್ತು, ರಿದಮ್‌ಬಾಕ್ಸ್ ತೆರೀತು, ಹಾಡಿನ ಮೇಲೆ ಒತ್ತಿದ್ರೆ "ಕೋಡೆಕ್ ಇಲ್ಲ, ಹುಡುಕಲೇ?" ಅಂತು. ಹುಡುಕೋಕೆ ನೆಟ್ ಬೇಕಲ್ಲ! ಸೈಬರ್ ಕೆಫೆಗೆ ಹೋಗಿ ಪೆನ್‌ಡ್ರೈವಿನಲ್ಲಿ ಒಂದು ಪ್ಯಾಕೇಜ್ ತಂದ್ರೆ, ಅದು ಇನ್ನೆರಡು ಪ್ಯಾಕೇಜ್ ಬೇಕು ಅಂತಿತ್ತು. ಅವನ್ನ ತಂದ್ರೆ ಇನ್ನೂ ಮೂರು. ಮೂರು ಸಲ ಓಡಾಡಿದ ಮೇಲೆ ಹಾಡು ಬಂತು. ಅಷ್ಟೊತ್ತಿಗೆ ಪಕ್ಕದ ರೂಮಿನವ ವಿನಾಂಪಿನಲ್ಲಿ ನೂರು ಹಾಡು ಕೇಳಿ ಮಲಗಿದ್ದ.

ಆದ್ರೆ ಆ ಒದ್ದಾಟಕ್ಕೆ ಕಾರಣ ಲಿನಕ್ಸಿನ ದಡ್ಡತನ ಅಲ್ಲ. ಎಂಪಿ3 ಮೇಲೆ ಪೇಟೆಂಟ್ ಇತ್ತು. ಪುಗಸಟ್ಟೆ ಹಂಚೋ ಸಿಡಿಯಲ್ಲಿ ಅದನ್ನ ತುಂಬಿದ್ರೆ ಲೈಸೆನ್ಸ್ ದುಡ್ಡು ಯಾರು ಕೊಡ್ತಾರೆ? ಲಿನಕ್ಸಿನ ಬಹಳಷ್ಟು ಪ್ಲೇಯರುಗಳ ಕೆಳಗೆ ಜಿಸ್ಟ್ರೀಮರ್ ಅಂತ ಒಂದು ಎಂಜಿನ್ ಇದೆ. ಅದರ ಪ್ಲಗಿನ್‌ಗಳಿಗೆ ಸಿನಿಮಾ ನೆನಪಲ್ಲಿ ಗುಡ್, ಬ್ಯಾಡ್, ಅಗ್ಲಿ ಅಂತ ಹೆಸರು. ಅಗ್ಲಿ ಅಂದ್ರೆ ಕೋಡ್ ಚೆನ್ನಾಗೇ ಇದೆ, ಹಂಚೋಕೆ ಕಾನೂನಿನ ತೊಡಕಿದೆ ಅಂತ. ಎಂಪಿ3 ಆ ಸಾಲಲ್ಲಿತ್ತು. 2017ರ ಏಪ್ರಿಲ್‌ನಲ್ಲಿ ಎಂಪಿ3 ಲೈಸೆನ್ಸಿಂಗ್ ಮುಗಿಯಿತು. 2018ರ ಜಿಸ್ಟ್ರೀಮರ್ 1.14ರಲ್ಲಿ ಎಂಪಿ3 ಪ್ಲಗಿನ್‌ಗಳು ಅಗ್ಲಿಯಿಂದ ಗುಡ್‌ಗೆ ಬಂದವು. ಕೋಡು ಕೆಟ್ಟದ್ದಾಗಿರಲಿಲ್ಲ, ಒಳ್ಳೇದಾಗಿಯೂ ಬದಲಾಗಲಿಲ್ಲ. ಕಾಗದದ ಮೇಲಿನ ಹಕ್ಕು ಬದಲಾಯಿತು, ಅಷ್ಟೇ. ಹಾಡು ಕೇಳೋದರಲ್ಲಿ ಹಕ್ಕು ಯಾರದು ಅನ್ನೋದು ಎಷ್ಟು ಮುಖ್ಯ ಅಂತ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳೋದು?

ಅವ್ವನ ಮುಖ ನೋಡಿ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಹರಿಹರದ ಮನೇಲಿ ಧೂಳು ಹಿಡಿದಿದ್ದ ಹಳೇ ಡೆಸ್ಕ್‌ಟಾಪ್ ಒರೆಸಿದ್ದು. 4 ಜಿಬಿ ರ‍್ಯಾಮ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು, ವಿಂಡೋಸ್ 11 ಆ ಮೆಷಿನ್ನನ್ನ ಒಲ್ಲೆ ಅಂತು. ಗುಜರಿಗೆ ಹಾಕೋ ಬದಲು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. ಇನ್‌ಸ್ಟಾಲ್ ಮಾಡುವಾಗ ಮಲ್ಟಿಮೀಡಿಯಾ ಕೋಡೆಕ್ ಬೇಕಾ ಅಂತ ಒಂದು ಚೌಕ ಬರುತ್ತೆ, ಟಿಕ್ ಮಾಡಿದ್ರೆ ಆಯ್ತು. ಆವತ್ತಿನ ಸೈಬರ್ ಕೆಫೆ ಓಡಾಟ ಇವತ್ತು ಒಂದು ಟಿಕ್ಕು.

ಆಮೇಲೆ ಶುರುವಾಗಿದ್ದು ನಮ್ಮ ಜನರದೇ ಕಾಟ. ಯಾವ ಪ್ಲೇಯರ್ ಹಾಕ್ಲಿ ಅಂತ ಹಳೇ ಹಾಸ್ಟೆಲ್ ಗೆಳೆಯರ ವಾಟ್ಸಾಪ್ ಗುಂಪಲ್ಲಿ ಕೇಳಿ ತಪ್ಪು ಮಾಡಿದೆ. ಒಬ್ಬ "ಲೇ, ಎಂಪಿಡಿ ಹಾಕಲೇ, ಟರ್ಮಿನಲ್ಲಿಂದ ಓಡಿಸಬೋದು" ಅಂದ. ಇನ್ನೊಬ್ಬ "ಗ್ನೋಮ್ ಗಿರಾಕಿಗಳು ಬ್ಯಾಡ, ಕೆಡಿಇ ಹಾಕು" ಅಂದ. ಮತ್ತೊಬ್ಬ ಸೋರ್ಸ್‌ನಿಂದ ಕಂಪೈಲ್ ಮಾಡು ಅಂದ. ನಮ್ಮ ಅವ್ವ ಕಂಪೈಲ್ ಮಾಡ್ತಾಳಾ? ಇನ್ನೂರು ಮೆಸೇಜ್ ಆದ ಮೇಲೂ "ಯಾರು ಕೇಳ್ತಾರೆ, ಏನು ಕೇಳ್ತಾರೆ?" ಅಂತ ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಲಿನಕ್ಸನ್ನ ಜನರಿಂದ ದೂರ ಇಟ್ಟಿದ್ದು ಮೈಕ್ರೋಸಾಫ್ಟ್ ಅಲ್ಲ, ಈ ಮಡಿವಂತಿಕೆ. ಹರಿ ದೊಡ್ಡವನೋ ಹರ ದೊಡ್ಡವನೋ ಅಂತ ಜಗಳ ಆಡೋರಿಗೆ ಒಂದೇ ಮೂರ್ತಿಯಲ್ಲಿ ಇಬ್ಬರನ್ನೂ ನಿಲ್ಲಿಸಿ ತೋರಿಸಿದ ಊರು ನಮ್ದು. 13ನೇ ಶತಮಾನದಲ್ಲೇ ಮುಗಿದ ಜಗಳವನ್ನ ಇವರು ಪ್ಲೇಯರ್ ಹೆಸರಲ್ಲಿ ಮತ್ತೆ ಎತ್ತಿದ್ದಾರೆ.

ನಾನು ಕಂಡುಕೊಂಡಿದ್ದು ಸರಳ. ಮಿಂಟ್ ಜೊತೆಗೇ ಬರೋ ರಿದಮ್‌ಬಾಕ್ಸ್ ಸಾಮಾನ್ಯ ಬಳಕೆಗೆ ಸಾಕು. ಸಾವಿರಾರು ಹಾಡಿದ್ದು, ಹೆಸರು ತಿದ್ದಿ ಜೋಡಿಸಿಡೋ ಚಟ ಇದ್ರೆ ಸ್ಟ್ರಾಬೆರಿ. ಹಳೇ ಅಮರೋಕ್ 1.4ರಿಂದ ಕವಲೊಡೆದದ್ದು ಕ್ಲೆಮೆಂಟೈನ್, ಅದರಿಂದ ಕವಲೊಡೆದದ್ದು ಸ್ಟ್ರಾಬೆರಿ. ಮಾಡಿದವರು ಕೈಬಿಟ್ರೂ ಬೇರೆಯವರು ಎತ್ತಿಕೊಂಡು ಮುಂದುವರಿಸಬಹುದು ಅನ್ನೋದಕ್ಕೆ ಇದೇ ಸಾಕ್ಷಿ. ಮುಚ್ಚಿದ ಸ್ಟ್ರೀಮಿಂಗ್ ಆಪನ್ನ ಹೀಗೆ ಯಾರಾದ್ರೂ ಎತ್ತಿಕೊಂಡಿದ್ದು ನೋಡಿದ್ದೀರಾ? ನಾನು ಇಟ್ಕೊಂಡಿದ್ದು ಸ್ಟ್ರಾಬೆರಿ. ಅವ್ವನಿಗೆ ಹಾಕಿದ್ದು ಆಡೇಶಿಯಸ್. ಅದರಲ್ಲಿ ಲೈಬ್ರರಿ, ಸಲಹೆ, ಗೋಜಲು ಏನೂ ಇಲ್ಲ. ಮೇಲೆ ನಾಲ್ಕು ಟ್ಯಾಬ್: ಅಜ್ಜಿ, ವಚನ, ನಾಟಕ, ಸಿನಿಮಾ. ಎರಡು ಸಲ ಒತ್ತಿದ್ರೆ ಹಾಡು. ಮುಚ್ಚಿ ತೆರೆದ್ರೆ ಪಟ್ಟಿ ಹಾಗೇ ಇರುತ್ತೆ.

ಉಬುಂಟು ಹಾಕೋರಿಗೆ ಒಂದು ಎಚ್ಚರಿಕೆ. ಅಲ್ಲಿನ ಆಪ್ ಅಂಗಡೀಲಿ ಸಿಗೋದು ಬಹಳಷ್ಟು ಸ್ನ್ಯಾಪ್ ಪ್ಯಾಕೇಜು. ನಿಮ್ಮ ಹಾಡು ಬೇರೆ ಡಿಸ್ಕಿನಲ್ಲಿದ್ರೆ, ಅನುಮತಿ ಕೊಡೋವರೆಗೆ ಸ್ನ್ಯಾಪ್ ಪ್ಲೇಯರಿಗೆ ಅದು ಕಾಣಲ್ಲ. ಹಾಡು ಕಣ್ಣ ಮುಂದಿದೆ, ಪ್ಲೇಯರ್ ಇಲ್ಲ ಅನ್ನುತ್ತೆ. "ಲಿನಕ್ಸ್ ಸರಿಯಿಲ್ಲ" ಅಂತ ಅಲ್ಲೇ ಎದ್ದು ಹೋಗೋರು ಬಹಳ. ಆಪ್ಟ್ ಮೂಲಕ ಹಾಕಿ, ಈ ತಲೆನೋವು ಇರಲ್ಲ. ಡಿಸ್ಕ್ ಮೊದಲು ಮೌಂಟ್ ಆಗಿರಲಿ, ಆಮೇಲೆ ಪ್ಲೇಯರ್ ತೆರೀರಿ.

ಇನ್ನು ಟ್ಯಾಗು. ಹಾಡಿನ ಹೆಸರು, ಹಾಡಿದವರ ಹೆಸರು ಫೈಲಿನೊಳಗೇ ಇರುತ್ತೆ. ಹಳೇ ಐಡಿ3 ಪದ್ಧತಿಯಲ್ಲಿ ಹೆಸರಿಗೆ ಕೊಟ್ಟಿದ್ದು 30 ಬೈಟು. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ, ಹಲಂತಕ್ಕೆ, ಕೊಂಬಿಗೆ ತಲಾ 3 ಬೈಟ್ ಬೇಕು. ಲೆಕ್ಕ ಹಾಕಿ: "ಮಲ್ಲಿಕಾರ್ಜುನ" ಅನ್ನೋದಕ್ಕೇ 36. ಮನ್ಸೂರರ ಅರ್ಧ ಹೆಸರೂ ಹಿಡಿಯಲ್ಲ! ಎರಡನೇ ಆವೃತ್ತಿಯ ಟ್ಯಾಗಿನಲ್ಲಿ ಈ ತೊಂದರೆ ಇಲ್ಲ. ಕಿಡ್3 ಅಂತ ಸಾಧನ ಇದೆ, ಕನ್ನಡದಲ್ಲೇ ಟೈಪ್ ಮಾಡಿ ಉಳಿಸಬಹುದು. ಆದ್ರೆ ನಾವು ಮಾಡಿಟ್ಟಿರೋದೇನು? "ಟ್ರ್ಯಾಕ್ 01", "ಅನ್‌ನೋನ್ ಆರ್ಟಿಸ್ಟ್". ನಮ್ಮಜ್ಜಿ ಅನ್‌ನೋನ್ ಆರ್ಟಿಸ್ಟಾ?

ವಚನಕಾರರು ಪ್ರತಿ ವಚನದಲ್ಲೂ ತಮ್ಮ ಅಂಕಿತ ಇಟ್ರು. ಅದಕ್ಕೇ ಇವತ್ತಿಗೂ ಯಾವುದು ಬಸವಣ್ಣನದು, ಯಾವುದು ಅಕ್ಕನದು ಅಂತ ಗೊತ್ತಾಗೋದು. ಆ ವಚನಗಳು ಉಳಿದಿದ್ದಾದ್ರೂ ಹೇಗೆ? ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿಕೊಂಡು ಮನೆಮನೆ ತಿರುಗಿ, 1923ರಲ್ಲಿ ವಚನಶಾಸ್ತ್ರಸಾರ ತಂದರು. ಅವರ ಶ್ರಮ ದೊಡ್ಡದು. ಆದ್ರೆ ಹುಡುಕೋಕೆ ಹೋದಾಗ ಮನೆಗಳಲ್ಲಿ ತಾಳೆಗರಿ ಇತ್ತಲ್ಲ, ಅದನ್ನ ನೆನಪಿಡಿ. ಯಾರೋ ನಕಲು ಮಾಡಿ ಜಗುಲಿಯ ಮೇಲೆ ಇಟ್ಟು ಪೂಜೆ ಮಾಡಿದ್ರು. ತಿಂಗಳ ಬಾಡಿಗೆಗೆ ಓದಿಸ್ಕೊಂಡು ಬಂದಿದ್ರೆ ಇವತ್ತು ನಮಗೆ ಸಿಗ್ತಿದ್ದದ್ದು ಖಾಲಿ ಜಗುಲಿ.

ನಿಮ್ಮ ತಕರಾರು ಗೊತ್ತು. "ತಿಂಗಳಿಗೆ ನೂರು ಚಿಲ್ರೆ ರೂಪಾಯಿಗೆ ಇಷ್ಟೆಲ್ಲಾ ಸಿಗುವಾಗ ಫೈಲ್ ಯಾರು ಜೋಡಿಸ್ತಾರೆ?" ಹೊಸ ಹಾಡಿಗೆ ಬಾಡಿಗೆ ಕಟ್ಟಿ, ಬೇಡ ಅನ್ನಲ್ಲ, ನಾನೂ ಕಟ್ತೀನಿ. ಆದ್ರೆ ಯಾವ ಹಾಡು ಇಲ್ದಿದ್ರೆ ನಿಮ್ಮ ಮನೆಗೆ ನಷ್ಟವೋ ಅದನ್ನ ಬಾಡಿಗೆಗೆ ಬಿಡಬೇಡಿ. "ಫೈಲ್ ಅಂದ್ರೆ ಪೈರಸಿ ಅಲ್ವಾ?" ಹಾಸ್ಟೆಲ್ಲಲ್ಲಿ ನಾವು ಮಾಡಿದ್ದು ಪೈರಸಿಯೇ, ಸಮರ್ಥನೆ ಇಲ್ಲ. ಆದ್ರೆ ಅಪ್ಪ ದುಡ್ಡು ಕೊಟ್ಟು ತಂದ ಸಿಡಿ ಅಟ್ಟದ ಮೇಲಿದೆ. ಅಕ್ಕನ ಮದುವೆಯ ಸೋಬಾನೆ ಪದ, ಊರ ಭಜನೆ ಮೇಳ, ಚಿಕ್ಕಪ್ಪ ಪಾರ್ಟು ಮಾಡಿದ ನಾಟಕದ ರಂಗಗೀತೆ, ಎಲ್ಲ ಯಾವುದೋ ಕ್ಯಾಸೆಟ್ಟಲ್ಲಿವೆ. ಅವಕ್ಕೆ ಯಾವ ಕಂಪನಿಯ ಅಪ್ಪಣೆ ಬೇಕು? ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದ್ದ ದಾವಣಗೆರೆ ಸೀಮೆ ಇದು. ಇಲ್ಲಿನ ಮನೆಗಳ ಟ್ರಂಕುಗಳಲ್ಲಿ ಏನೇನಿದೆಯೋ, ಫಂಗಸ್ ಬರೋ ಮೊದಲು ನೋಡೋರು ಯಾರು?

"ಡಿಸ್ಕ್ ಹೋದ್ರೆ?" ಹೋಗುತ್ತೆ. ಅದಕ್ಕೇ ಎರಡು ಕಡೆ ಇಡಬೇಕು, ಒಂದು ಬೇರೆ ಮನೇಲಿ. ಕ್ಲೌಡನ್ನ ಮೂರನೇ ನಕಲಾಗಿ ಇಡಿ, ಒಂದೇ ನಕಲಾಗಿ ಅಲ್ಲ. ಆಫೀಸಿನ ಡೇಟಾಬೇಸಿಗೆ ಬ್ಯಾಕಪ್ ತಪ್ಪಿದ್ರೆ ರಾತ್ರಿ ಎರಡಕ್ಕೆ ಎದ್ದು ಕೂರೋ ನಾವು, ಮನೆಯದನ್ನ ಮಾತ್ರ ದೇವರ ಮೇಲೆ ಭಾರ ಹಾಕ್ತೀವಿ.

ಅಜ್ಜಿಯ ಕ್ಯಾಸೆಟ್ಟು ಚಿಕ್ಕಪ್ಪನ ಟ್ರಂಕಲ್ಲಿ ಸಿಕ್ತು. ಒಂದು ಬದಿಗೆ ಫಂಗಸ್ ಹಿಡಿದು ಟೇಪು ಅಂಟಿಕೊಂಡಿತ್ತು, ಅದು ಬರಲಿಲ್ಲ. ಇನ್ನೊಂದು ಬದಿಯ ಎರಡು ಪದ ಬಂದವು. ಹಳೇ ಟೇಪ್ ರೆಕಾರ್ಡರಿಗೆ ವೈರ್ ಸಿಕ್ಕಿಸಿ ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿ, ಫ್ಲ್ಯಾಕ್‌ನಲ್ಲಿ ಉಳಿಸಿ, ಕನ್ನಡದಲ್ಲಿ ಅಜ್ಜಿಯ ಹೆಸರು ಬರೆದೆ. ಪೆನ್‌ಡ್ರೈವಿಗೆ ಹಾಕಿ ಐದು ಮನೆಗೆ ಹಂಚಿದೆ. ನಾಲ್ಕು ಪದ ಇದ್ದವು, ಎರಡು ಉಳಿದವು. ಇನ್ನೆರಡು ಹೇಗಿದ್ದವು ಅಂತ ಅವ್ವನಿಗೆ ಮೊದಲ ಸಾಲು ಮಾತ್ರ ನೆನಪಿದೆ.

ಈಗ ಅವ್ವ ದಿನಾ ಬೆಳಿಗ್ಗೆ ಆ ಟ್ಯಾಬ್ ಒತ್ತುತಾಳೆ. ಮೊನ್ನೆ ಫೋನ್ ಮಾಡಿ ಕೇಳಿದಳು: "ಇದಕ್ಕೆ ತಿಂಗಳ ರೊಕ್ಕ ಎಷ್ಟಪ್ಪಾ?"

ಏನೂ ಇಲ್ಲ ಬೇ, ಅಂದೆ.

ಈ ಭಾನುವಾರ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ.